25 ಕಿಲೋ ಲೋಹ, 1 ಕಿಲೋ ಗ್ಯಾಸ್

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಓದುಗರೊಬ್ಬರು 1986ರ ಪೋರ್ಶೆ 911 ಕರೆರಾ ಕೊಂಡಿದ್ದಾರೆ. ಎಸಿ ಗುಂಡಿ ಒತ್ತಿದರೆ ಗಾಳಿ ಬರುತ್ತದೆ, ತಂಪು ಬರುವುದಿಲ್ಲ. ರಿಪೇರಿಗೆ ಆಗುವ ಖರ್ಚು ಕೇಳಿ ಹೌಹಾರಿದ್ದಾರೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಗೀಳಿರುವ ಗೆಳೆಯರದ್ದು ಒಂದೇ ಸಲಹೆ: "ಅಷ್ಟನ್ನೂ ಕಿತ್ತುಹಾಕಿ. ಕಾರು ಹಗುರಾಗುತ್ತೆ, ಎಂಜಿನ್‌ಗೆ ಬಲ ಬರುತ್ತೆ." ಇದರಲ್ಲಿ ನಿಜ ಎಷ್ಟು ಎಂಬುದು ಅವರ ಪ್ರಶ್ನೆ.

ನಿಜ ಇದೆ, ಆದರೆ ಗೆಳೆಯರು ಹೇಳುವಷ್ಟಿಲ್ಲ. ಈ ಮಾತುಕತೆಯಲ್ಲಿ ಎಲ್ಲರೂ ಕಳಚಿದ ಲೋಹವನ್ನು ತಕ್ಕಡಿಗೆ ಹಾಕುತ್ತಾರೆ, ಅದರೊಳಗಿನ ಗ್ಯಾಸನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಆತಂಕ ಇರುವುದು ಆ ಗ್ಯಾಸಿನ ಬಗ್ಗೆ.

ಎಸಿ ಕಿತ್ತು ಕಾರನ್ನು ಚುರುಕಾಗಿಸುವ ಉಪಾಯ ಕಂಪನಿಗಳದ್ದೇ. 1987ರಲ್ಲಿ ಪೋರ್ಶೆ ಇದೇ ಕರೆರಾದ 'ಕ್ಲಬ್‌ಸ್ಪೋರ್ಟ್' ಎಂಬ ರೂಪ ತಂದಾಗ ಎಸಿ, ಹಿಂದಿನ ಸೀಟು, ರೇಡಿಯೋ, ವಿದ್ಯುತ್ ಕಿಟಕಿ ಎಲ್ಲವನ್ನೂ ತೆಗೆದಿತ್ತು. 1992ರ ಹೋಂಡಾ ಎನ್‌ಎಸ್‌ಎಕ್ಸ್-ಆರ್ ಸುಮಾರು 120 ಕಿಲೋ ಇಳಿಸಿಕೊಂಡಾಗ ಹೊರಗೆ ಹೋದ ವಸ್ತುಗಳಲ್ಲಿ ಎಸಿಯೂ ಒಂದು. ಆದರೆ ಅದೇ 1987ರಲ್ಲಿ ಬಂದ ಫೆರಾರಿ ಎಫ್40 ನೋಡಿ. ನೆಲಕ್ಕೆ ಕಾರ್ಪೆಟ್ ಇಲ್ಲ, ಹಾಡು ಕೇಳುವ ವ್ಯವಸ್ಥೆ ಇಲ್ಲ, ಬಾಗಿಲು ತೆಗೆಯಲು ಒಳಗೆ ಹಿಡಿ ಕೂಡ ಇಲ್ಲ, ಒಂದು ತಂತಿ ಎಳೆಯಬೇಕು. ತೂಕದ ವಿಷಯದಲ್ಲಿ ಅಷ್ಟು ಜಿಪುಣರಾಗಿದ್ದವರು ಎಸಿಯನ್ನು ಮಾತ್ರ ಉಳಿಸಿಕೊಂಡರು. ಬೆವರಿ ಬಸವಳಿದ ಚಾಲಕ ವೇಗವಾಗಿ ಓಡಿಸಲಾರ.

ಎಸಿ ಎಂಜಿನ್ನಿನಿಂದ ಎಷ್ಟು ಬಲ ಕಸಿಯುತ್ತದೆ ಎಂಬುದನ್ನು ತಿಳಿಯಲು ನಮ್ಮ ಹಳೆಯ ಕಪಿಲೆ ಬಾವಿಗಿಂತ ಒಳ್ಳೆಯ ಮಾದರಿ ನನಗೆ ಕಾಣದು. ಎತ್ತುಗಳು ಇಳಿಜಾರಿನಲ್ಲಿ ನಡೆಯುತ್ತವೆ, ಮಿಣಿ ರಾಟೆಯ ಮೇಲೆ ಹಾಯುತ್ತದೆ, ತೊಗಲಿನ ಚೀಲ ನೀರನ್ನು ಮೇಲೆ ತಂದು ತೊಟ್ಟಿಗೆ ಸುರಿಯುತ್ತದೆ. ಎಸಿ ಎತ್ತುವುದು ನೀರನ್ನಲ್ಲ, ಶಾಖವನ್ನು. ಕಾರಿನೊಳಗಿನ 22 ಡಿಗ್ರಿಯ ತಗ್ಗಿನಿಂದ ಶಾಖವನ್ನು ತುಂಬಿಕೊಂಡು, ಹೊರಗಿನ 40 ಡಿಗ್ರಿಯ ದಿಬ್ಬಕ್ಕೆ ಒಯ್ದು ಸುರಿಯಬೇಕು. ಶಾಖ ತಾನಾಗಿ ಈ ದಿಕ್ಕಿಗೆ ಹರಿಯದು, ಯಾರಾದರೂ ಎಳೆಯಬೇಕು. ಎಳೆಯುವ ಎತ್ತು ಎಂಜಿನ್, ಹೋಗಿ ಬರುವ ಚೀಲ ಗ್ಯಾಸ್, ಸುರಿಯುವ ತೊಟ್ಟಿ ಕಂಡೆನ್ಸರ್. ಬೇಸಿಗೆ ಏರಿದಷ್ಟೂ ಬಾವಿ ಆಳವಾದಂತೆ, ಅಷ್ಟೇ ಶಾಖ ಎತ್ತಲು ಹೆಚ್ಚು ದುಡಿಮೆ ಬೇಕು. ಕಡು ಬಿಸಿಲಿನಲ್ಲಿ ಇಂಥ ಕಾರಿನ ಕಂಪ್ರೆಸರ್ 3ರಿಂದ 5 ಕಿಲೋವಾಟ್, ಅಂದರೆ 4ರಿಂದ 7 ಅಶ್ವಶಕ್ತಿಯಷ್ಟು ಕೇಳುತ್ತದೆ. ಕರೆರಾದ ಸುಮಾರು 200 ಅಶ್ವಶಕ್ತಿಯಲ್ಲಿ ಇದು ನೂರಕ್ಕೆ ಎರಡು ಮೂರು ಪಾಲು.

ಈ ಎರಡು ಮೂರು ಪಾಲನ್ನು ಮರಳಿ ಪಡೆಯಲು ಸ್ಪ್ಯಾನರ್ ಹಿಡಿಯಬೇಕಿಲ್ಲ. ಕಾರಿನಲ್ಲಿ ಎಸಿಯನ್ನು ಮೊದಲು ಕೊಟ್ಟದ್ದು ಅಮೆರಿಕದ ಪ್ಯಾಕರ್ಡ್ ಕಂಪನಿ, 1940ರ ಮಾದರಿಗಳಲ್ಲಿ, 274 ಡಾಲರಿನ ಹೆಚ್ಚುವರಿ ಸೌಲಭ್ಯವಾಗಿ. ಆ ಕಾರಿನಲ್ಲಿ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಎಂಜಿನ್ ತಿರುಗಿದಷ್ಟು ಹೊತ್ತೂ ಅದೂ ತಿರುಗುತ್ತಿತ್ತು. ತಂಪು ಬೇಡವೆಂದರೆ ಬಾನೆಟ್ ಎತ್ತಿ ಬೆಲ್ಟ್ ಕಳಚಿಡಬೇಕಿತ್ತು. ಕೆಲವೇ ವರ್ಷಗಳಲ್ಲಿ ಪ್ಯಾಕರ್ಡ್ ಅದನ್ನು ಕೈಬಿಟ್ಟಿತು. ವಿದ್ಯುತ್ಕಾಂತದ ಕ್ಲಚ್ ಬಂದ ಮೇಲೆ ಕಥೆ ಬದಲಾಯಿತು. ಗುಂಡಿ ಒತ್ತಿದಾಗ ಕಂಪ್ರೆಸರಿನ ಮುಂದಿನ ತಟ್ಟೆ 'ಟಕ್' ಎಂದು ಪುಲ್ಲಿಗೆ ಅಂಟಿಕೊಳ್ಳುತ್ತದಲ್ಲ, ಅದೇ ಎತ್ತಿಗೆ ನೊಗ ಹೂಡುವ ಕ್ಷಣ. ಗುಂಡಿ ಆರಿಸಿದರೆ ನೊಗ ಬಿಚ್ಚಿದಂತೆ, ಖಾಲಿ ಪುಲ್ಲಿಯೊಂದೇ ಬೇರಿಂಗ್ ಮೇಲೆ ತಿರುಗುತ್ತಿರುತ್ತದೆ. ಅದರ ಖರ್ಚು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ನಮ್ಮ ಓದುಗರ ಎಸಿ ಕೆಲಸವನ್ನೇ ಮಾಡುತ್ತಿಲ್ಲ. ಅವರು ಗುಂಡಿ ಮುಟ್ಟದಿದ್ದರೆ ಆ ಬಲ ಈಗಲೇ ಚಕ್ರಕ್ಕೆ ಸೇರುತ್ತಿದೆ.

ಉಳಿಯುವುದು ತೂಕ. ಕಂಪ್ರೆಸರ್, ಅದರ ಬ್ರಾಕೆಟ್, ಎರಡು ಕಂಡೆನ್ಸರ್, ಒಳಗಿನ ಕೂಲಿಂಗ್ ಕಾಯಿಲ್, ಉದ್ದುದ್ದದ ಪೈಪು ಎಲ್ಲ ಸೇರಿ 25 ಕಿಲೋ ಆಸುಪಾಸು. 1,200 ಕಿಲೋಗೂ ಹೆಚ್ಚಿರುವ ಕಾರಿಗೆ ಇದು ನೂರಕ್ಕೆ ಎರಡು. ಸುಮಾರು ಆರು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುವ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಮೊದಲು ಮುಟ್ಟಬಹುದು. ರೇಸ್ ಟ್ರ್ಯಾಕಿನಲ್ಲಿ ಇದಕ್ಕೆ ಬೆಲೆ ಇದೆ, ಆಫೀಸಿಗೆ ಹೋಗುವ ದಾರಿಯಲ್ಲಿ ಇಲ್ಲ.

ಆದರೆ 911ರ ಕಥೆ ಬೇರೆ ಕಾರುಗಳಂತಲ್ಲ ಎಂಬುದನ್ನು ಒಪ್ಪಲೇಬೇಕು. ಇದರ ಎಂಜಿನ್ ಹಿಂಬದಿಯ ಆಕ್ಸಲ್‌ನಿಂದಲೂ ಹಿಂದೆ ತೂಗುತ್ತದೆ, ಕಂಪ್ರೆಸರ್ ಆ ಎಂಜಿನ್ನಿಗೆ ತೂಗುತ್ತದೆ. ಸನ್ನೆಯ ಲೆಕ್ಕ ಹಾಕಿ. ಚಕ್ರಗಳ ನಡುವಿನ ದೂರ 2.27 ಮೀಟರ್. ಆಕ್ಸಲ್‌ಗಿಂತ ಅರ್ಧ ಮೀಟರಿಗೂ ಹಿಂದೆ 10 ಕಿಲೋ ತೂಗುಹಾಕಿದರೆ ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರ 12–13 ಕಿಲೋ. ಹೆಚ್ಚಾದ ಎರಡು ಮೂರು ಕಿಲೋ ಎಲ್ಲಿಂದ ಬಂತು? ಮುಂದಿನ ಚಕ್ರಗಳನ್ನು ಅಷ್ಟು ಮೇಲೆತ್ತಿ. ತಿರುವಿನಲ್ಲಿ ಬಾಲ ಬೀಸುವ ಗುಣಕ್ಕೆ ಹೆಸರಾದ ಕಾರಿನ ಬಾಲದ ತುದಿಯಿಂದ ಭಾರ ಇಳಿಸಿದರೆ ಸ್ಟೀರಿಂಗ್ ಹಿಡಿದವರಿಗೆ ಅದು ತಿಳಿಯುತ್ತದೆ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಈ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ, ಅದನ್ನು ತಂಪಾಗಿಡುವುದು ಗಾಳಿ ಮತ್ತು ಆಯಿಲ್. ದೊಡ್ಡ ಫ್ಯಾನ್ ಹಿಂದಿನ ಮುಚ್ಚಳದ ಜಾಲರಿಯಿಂದ ಗಾಳಿ ಸೆಳೆಯುತ್ತದೆ. ಪೋರ್ಶೆ ಎಂಜಿನಿಯರುಗಳು ಒಂದು ಕಂಡೆನ್ಸರನ್ನು ಮುಂದಿನ ಬಂಪರಿನ ಕೆಳಗೂ ಮತ್ತೊಂದನ್ನು ಸರಿಯಾಗಿ ಈ ಜಾಲರಿಯ ಅಡಿಯಲ್ಲೂ ಕೂರಿಸಿದರು. ಹೀಗಾಗಿ ಕಾರಿನೊಳಗಿಂದ ಎತ್ತಿ ತಂದ ಶಾಖದ ಒಂದು ಪಾಲು ಎಂಜಿನ್ ಕುಡಿಯುವ ಗಾಳಿಗೇ ಸೇರುತ್ತದೆ. ತೊಟ್ಟಿಯ ನೀರು ಉಕ್ಕಿ ಎತ್ತು ನಡೆಯುವ ದಾರಿಗೇ ಹರಿದು ಕೆಸರಾದಂತೆ. ಎಸಿ ಆರಿಸಿದ್ದರೂ ಧೂಳು ತುಂಬಿದ ಆ ಕಂಡೆನ್ಸರ್ ಗಾಳಿಗೆ ಅಡ್ಡ ನಿಂತೇ ಇರುತ್ತದೆ. ಇಡೀ ವ್ಯವಸ್ಥೆಯಲ್ಲಿ ತೆಗೆದರೆ ನಿಜವಾಗಿ ಫಲ ಕೊಡುವ ತುಣುಕು ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಈಗ ಗ್ಯಾಸಿಗೆ ಬರೋಣ. 1986ರ ಕಾರಿನಲ್ಲಿರುವುದು ಆರ್-12. 1928ರಲ್ಲಿ ಜನರಲ್ ಮೋಟರ್ಸ್‌ಗಾಗಿ ಇದನ್ನು ಹುಡುಕಿಕೊಟ್ಟ ತಂಡದ ಮುಖ್ಯಸ್ಥ ಥಾಮಸ್ ಮಿಜ್ಲಿ, ಪೆಟ್ರೋಲಿಗೆ ಸೀಸ ಬೆರೆಸುವ ವಿಧಾನ ಕಂಡುಹಿಡಿದ ಅದೇ ಮನುಷ್ಯ. ಅಲ್ಲಿಯವರೆಗೆ ಫ್ರಿಜ್‌ಗಳಲ್ಲಿ ಓಡುತ್ತಿದ್ದದ್ದು ಅಮೋನಿಯಾ, ಗಂಧಕದ ಡೈಆಕ್ಸೈಡ್‌ನಂಥ ವಿಷಗಳು. 1930ರಲ್ಲಿ ಮಿಜ್ಲಿ ರಸಾಯನವಿಜ್ಞಾನಿಗಳ ಸಭೆಯಲ್ಲಿ ಹೊಸ ಗ್ಯಾಸನ್ನು ಎದೆತುಂಬ ಎಳೆದುಕೊಂಡು, ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದ. ವಿಷವಲ್ಲ, ಬೆಂಕಿಯೂ ಹಿಡಿಯದು. ಯಾವುದರ ಜೊತೆಗೂ ವರ್ತಿಸದ ಈ ಗುಣವೇ ಮುಂದೆ ಮುಳುವಾಯಿತು. ಸೋರಿದ ಆರ್-12 ಕೆಳಗೆ ಎಲ್ಲೂ ಒಡೆಯದೆ ವಾಯುಮಂಡಲದ ಮೇಲ್ಪದರ ಸೇರಿ, ಅಲ್ಲಿ ಅತಿನೇರಳೆ ಕಿರಣಕ್ಕೆ ಒಡೆದು ಕ್ಲೋರಿನ್ ಬಿಡುತ್ತದೆ, ಒಂದೊಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಕಣಗಳನ್ನು ನಾಶ ಮಾಡುತ್ತದೆ ಎಂದು ಮಾರಿಯೋ ಮೊಲಿನಾ ಮತ್ತು ಶೆರ್‌ವುಡ್ ರೋಲಂಡ್ 1974ರಲ್ಲಿ ತೋರಿಸಿದರು.

ಮರು ವರ್ಷ ಇನ್ನೊಂದು ಮುಖ ಬಯಲಾಯಿತು. ಅದನ್ನು ಕಂಡವರು ವೀರಭದ್ರನ್ ರಾಮನಾಥನ್. ಬೆಂಗಳೂರಿನಲ್ಲಿ ಶಾಲೆ ಓದಿದವರು. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ರೆಫ್ರಿಜರೇಟರ್ ಕಂಪನಿಗೆ ಸೇರಿದಾಗ ಅವರಿಗೆ ಒಪ್ಪಿಸಿದ ಕೆಲಸ ಈ ಜಾತಿಯ ಗ್ಯಾಸ್ ಯಾಕೆ ಸೋರಿಹೋಗುತ್ತದೆ ಎಂದು ಪತ್ತೆ ಮಾಡುವುದು. ಆ ಕೆಲಸ ಬೇಸರ ತಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಲ್ಲಿಂದ ಅಮೆರಿಕಕ್ಕೆ ಹೋದರು. 1975ರಲ್ಲಿ ಅವರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕ ಹೇಳಿದ್ದಿಷ್ಟು: ಈ ಗ್ಯಾಸುಗಳು ಶಾಖವನ್ನು ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಬಲಶಾಲಿ. ಗ್ಯಾಸ್ ಸೋರಿಕೆ ಹುಡುಕುತ್ತಿದ್ದ ಹುಡುಗ ಆ ಸೋರಿಕೆ ಇಡೀ ಭೂಮಿಗೆ ಏನು ಮಾಡುತ್ತದೆಂದು ಕಂಡುಹಿಡಿದ ಈ ಚರಿತ್ರೆ ನಮ್ಮ ಶಾಲಾ ಪಠ್ಯಗಳಲ್ಲಿ ಇರಬೇಕಿತ್ತು.

ನೂರು ವರ್ಷದ ಅವಧಿಗೆ ಲೆಕ್ಕ ಹಾಕಿದರೆ 1 ಕಿಲೋ ಆರ್-12 ಸುಮಾರು 10,900 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಬರುತ್ತದೆ. ಅಂದರೆ ಗ್ಯಾರೇಜಿನಲ್ಲಿ ಪೈಪು ಸಡಿಲಿಸಿ 'ಸ್ಸ್' ಎಂದು ಬಿಟ್ಟ ಒಂದು ಕಿಲೋ ಗ್ಯಾಸ್ 4,700 ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ ಹತ್ತು ಕಿಲೋಮೀಟರ್ ಓಡುವ ಕಾರು ಭೂಮಿಯನ್ನು ಒಂದು ಸುತ್ತು ಹಾಕಿ ಮುಂದೆ ಹೋದರೆ ಆಗುವಷ್ಟು ಹೊಗೆ, ಒಂದೆರಡು ನಿಮಿಷದಲ್ಲಿ.

"ತಂಪೇ ಬರುತ್ತಿಲ್ಲ, ಗ್ಯಾಸ್ ಖಾಲಿಯಾಗಿರಬೇಕು" ಎನ್ನುವವರಿದ್ದಾರೆ. ಹಾಗೆ ನಂಬಿ ಪೈಪು ಬಿಚ್ಚಬೇಡಿ. ಒಳಗೆ ಒಂದು ಲೋಟದಷ್ಟು ದ್ರವ ಉಳಿದಿದ್ದರೂ, ಪೂರ್ತಿ ತುಂಬಿದ್ದರೂ, ನಿಂತ ಕಾರಿನಲ್ಲಿ ಮೀಟರ್ ತೋರಿಸುವ ಒತ್ತಡ ಒಂದೇ. ಆವಿಯ ಒತ್ತಡ ಉಷ್ಣತೆಯನ್ನು ಅವಲಂಬಿಸುತ್ತದೆ, ದ್ರವದ ಪ್ರಮಾಣವನ್ನಲ್ಲ. ಉಳಿದದ್ದೆಷ್ಟು ಎಂದು ತಿಳಿಯಲು ಒಂದೇ ದಾರಿ, ಹೊರತೆಗೆದು ತೂಗುವುದು. ಪರವಾನಗಿ ಇರುವ ಮೆಕ್ಯಾನಿಕ್ ನೀಲಿ ಮತ್ತು ಕೆಂಪು ಪೈಪುಗಳನ್ನು ಜೋಡಿಸಿ, ಹಳದಿ ತಲೆಯ ಬೂದು ಸಿಲಿಂಡರಿಗೆ ಗ್ಯಾಸನ್ನು ಎಳೆದುಕೊಳ್ಳುತ್ತಾನೆ. ಸಿಲಿಂಡರ್ ತಕ್ಕಡಿಯ ಮೇಲೇ ಇರುತ್ತದೆ. ಅಮೆರಿಕದಲ್ಲಿ 1992ರಿಂದ ಗ್ಯಾಸನ್ನು ಗಾಳಿಗೆ ಬಿಡುವುದು ಅಪರಾಧ. 1995ರ ಕೊನೆಗೆ ಅಲ್ಲಿ ಅದರ ಉತ್ಪಾದನೆಯೂ ನಿಂತಿತು, ಭಾರತದಲ್ಲಿ 2008ರಲ್ಲಿ. ಆದ್ದರಿಂದ ಹೊರತೆಗೆದ ಆರ್-12ಕ್ಕೆ ಗಿರಾಕಿಗಳಿದ್ದಾರೆ. ಅದನ್ನು ಶುದ್ಧಮಾಡಿ ಇನ್ನೊಂದು ಹಳೆಯ ಕಾರಿಗೆ ತುಂಬುತ್ತಾರೆ.

ಆರ್-12ರ ಬದಲು ಆರ್-134ಎ ಎಂಬ ಗ್ಯಾಸ್ ತುಂಬಿಸಿದರಾಯಿತು ಎಂಬುದು ಮತ್ತೊಂದು ಸಲಹೆ. 911ರಲ್ಲಿ ಅದು ಅಷ್ಟು ಸುಲಭವಲ್ಲ. ಅದರ ಕಣ ಚಿಕ್ಕದು. ಕಾರಿನ ಈ ತುದಿಯಿಂದ ಆ ತುದಿಗೆ ಹಾದುಹೋಗುವ ಹಳೆಯ ರಬ್ಬರ್ ಪೈಪಿನಿಂದ ಇನ್ನಷ್ಟು ಸೋರುತ್ತದೆ. ಹಳೆಯ ಖನಿಜ ಎಣ್ಣೆ ಅದರಲ್ಲಿ ಕರಗುವುದಿಲ್ಲ. ಬಿಸಿಲಿನಲ್ಲಿ ಒತ್ತಡ ಹೆಚ್ಚು ಏರುತ್ತದೆ. ಪೈಪು, ಎಣ್ಣೆ, ಕಂಡೆನ್ಸರ್ ಮೂರನ್ನೂ ಬದಲಿಸದೆ ಗ್ಯಾಸ್ ಮಾತ್ರ ಬದಲಿಸಿದರೆ ಒಂದು ಬೇಸಿಗೆಯೂ ದಾಟುವುದು ಕಷ್ಟ.

ತಂಪೂ ಬೇಕು, ಬಾಲವೂ ಹಗುರಾಗಬೇಕು ಎನ್ನುವವರಿಗೆ ಈಗ ವಿದ್ಯುತ್ ಕಂಪ್ರೆಸರ್ ಬಂದಿದೆ. ಅದಕ್ಕೆ ಬೆಲ್ಟ್ ಬೇಡ. ಕಾರಿನ ಮೂತಿಯಲ್ಲೇ ಕೂರಿಸಬಹುದು. ಉದ್ದದ ಪೈಪುಗಳು ಹೋಗುತ್ತವೆ, ಜಾಲರಿಯ ಕೆಳಗಿನ ಕಂಡೆನ್ಸರ್ ಹೋಗುತ್ತದೆ, ಬಾಲದ ಭಾರ ಮುಂದಿನ ಚಕ್ರಗಳ ಕಡೆಗೆ ಸರಿಯುತ್ತದೆ. ಸನ್ನೆ ಈಗ ನಿಮ್ಮ ಪರ. ಬೆಲೆ ತೆರಬೇಕಾದದ್ದು ಕರೆಂಟಿನಲ್ಲಿ. 12 ವೋಲ್ಟಿನಲ್ಲಿ ಒಂದು ಕಿಲೋವಾಟ್ ಎಂದರೆ 80 ಆಂಪಿಯರಿಗೂ ಹೆಚ್ಚು. ಸಿಗ್ನಲ್ಲಿನಲ್ಲಿ ಎಂಜಿನ್ ನಿಧಾನ ತಿರುಗುವಾಗ ಹಳೆಯ ಆಲ್ಟರ್ನೇಟರ್ ಅಷ್ಟನ್ನು ಕೊಡಲಾರದು, ಅದನ್ನೂ ಬದಲಿಸುವ ಖರ್ಚನ್ನು ಮೊದಲೇ ಸೇರಿಸಿಕೊಳ್ಳಬೇಕು.