ಶಿಕ್ಷೆ ಎಷ್ಟು, ಮೇಲ್ಮನವಿ ಎಲ್ಲಿ? ತೀರ್ಪಿನ ಆಚೆಗಿನ ಕಾನೂನಿನ ದಾರಿ

ಬಾಗೂರು (ಹೊಸದುರ್ಗ ತಾಲೂಕು): ಇಲ್ಲಿನ ತೋಟವೊಂದರಲ್ಲಿ ನಾಲ್ಕು ಸಾವಿರ ರೂ. ಬೆಲೆಯ ತೆಂಗಿನಕಾಯಿ ಕಳವಾಯಿತೆಂದು ಇಟ್ಟುಕೊಳ್ಳೋಣ. ಕಳ್ಳ ಸಿಕ್ಕಿಬಿದ್ದು, ಹೊಸದುರ್ಗದ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾದರೆ ಆತ ಜೈಲಿಗೆ ಹೋಗಲೇಬೇಕೆಂದು ಊರವರು ಭಾವಿಸುವುದು ಸಹಜ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಬೇರೆಯದನ್ನೇ ಹೇಳುತ್ತದೆ. ಐದು ಸಾವಿರ ರೂ.ಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಬಾರಿಗೆ ದೋಷಿಯಾದವನು ಆ ವಸ್ತುವನ್ನಾಗಲೀ ಅದರ ಬೆಲೆಯನ್ನಾಗಲೀ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಅದೇ ವ್ಯಕ್ತಿ ಕಳವಿನಲ್ಲಿ ಎರಡನೇ ಬಾರಿ ದೋಷಿಯಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆ.

ಕೃತ್ಯ ಒಂದೇ ಆದರೂ ಶಿಕ್ಷೆಯಲ್ಲಿ ಇಷ್ಟು ಅಂತರ ಏಕೆ ಎಂಬ ಪ್ರಶ್ನೆ ಪ್ರತಿ ದೊಡ್ಡ ತೀರ್ಪಿನ ನಂತರವೂ ಕೇಳಿಬರುತ್ತದೆ. ಕಾನೂನು ಸಾಮಾನ್ಯವಾಗಿ ಗರಿಷ್ಠ ಮಿತಿಯನ್ನು, ಕೆಲವೊಮ್ಮೆ ಕನಿಷ್ಠ ಮಿತಿಯನ್ನು ಹೇಳಿ ಸುಮ್ಮನಾಗುತ್ತದೆ. ಅವೆರಡರ ನಡುವಿನ ಅಂಕಿಯನ್ನು ನಿರ್ಧರಿಸುವುದು ನ್ಯಾಯಾಧೀಶರ ವಿವೇಚನೆ. ಆ ವಿವೇಚನೆಗೂ ಬೇಲಿಯಿದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷದವರೆಗಿನ ಸಜೆ, 50 ಸಾವಿರ ರೂ.ವರೆಗಿನ ದಂಡ ವಿಧಿಸಬಹುದು. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಮಿತಿ ಏಳು ವರ್ಷ. ಸೆಷನ್ಸ್ ನ್ಯಾಯಾಧೀಶರು ಕಾನೂನಿನಲ್ಲಿರುವ ಯಾವುದೇ ಶಿಕ್ಷೆ ನೀಡಬಲ್ಲರು. ಆದರೆ ಮರಣದಂಡನೆ ವಿಧಿಸಿದರೆ ಹೈಕೋರ್ಟ್ ದೃಢೀಕರಿಸುವವರೆಗೆ ಅದನ್ನು ಜಾರಿಗೊಳಿಸುವಂತಿಲ್ಲ.

ಎರಡು ಹಂತದ ತೀರ್ಪು

ಸೆಷನ್ಸ್ ನ್ಯಾಯಾಲಯದಲ್ಲಿ ಆರೋಪಿಯನ್ನು ದೋಷಿ ಎಂದು ಘೋಷಿಸಿದ ಬಳಿಕ, ಶಿಕ್ಷೆಯ ಪ್ರಮಾಣದ ಬಗ್ಗೆ ಆತನ ಮಾತನ್ನು ಪ್ರತ್ಯೇಕವಾಗಿ ಕೇಳಲೇಬೇಕು. ವಯಸ್ಸು, ಹಿಂದಿನ ಅಪರಾಧಗಳು, ಅವಲಂಬಿತರು, ಕೃತ್ಯದ ಕ್ರೌರ್ಯ, ಸಂತ್ರಸ್ತರಿಗಾದ ಹಾನಿ ಇವೆಲ್ಲ ಇಲ್ಲಿ ತೂಗಲ್ಪಡುತ್ತವೆ.

ಕೊಪ್ಪಳ ಜಿಲ್ಲೆಯ ಮರಕುಂಬಿ ಪ್ರಕರಣ ಇದಕ್ಕೆ ಇತ್ತೀಚಿನ ಉದಾಹರಣೆ. 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲೂಕಿನ ಈ ಗ್ರಾಮದಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಗಿತ್ತು. ಮೊದಲು 101 ಮಂದಿಯನ್ನು ದೋಷಿಗಳೆಂದು ಘೋಷಿಸಿದ ಕೊಪ್ಪಳದ ನ್ಯಾಯಾಲಯ, 2024ರ ಅಕ್ಟೋಬರ್ 24ರಂದು ಶಿಕ್ಷೆ ಪ್ರಕಟಿಸಿತು. 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಒಂದೇ ಗುಂಪು, ಒಂದೇ ಕೃತ್ಯವಾದರೂ ಶಿಕ್ಷೆ ಭಿನ್ನವಾದದ್ದು ನ್ಯಾಯಾಧೀಶರ ಕನಿಕರದಿಂದಲ್ಲ. ಪರಿಶಿಷ್ಟರ ಮನೆಗೆ ಬೆಂಕಿಯಿಟ್ಟು ನಾಶಪಡಿಸುವ ಕೃತ್ಯಕ್ಕೆ ದೌರ್ಜನ್ಯ ತಡೆ ಕಾಯ್ದೆ ಜೀವಾವಧಿ ಶಿಕ್ಷೆಯನ್ನೇ ಹೇಳುತ್ತದೆ. ಆ ಮೂವರು ಪರಿಶಿಷ್ಟ ಸಮುದಾಯಗಳಿಗೇ ಸೇರಿದವರಾದ್ದರಿಂದ ಆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ.

ಮರುತಿಂಗಳೇ ಧಾರವಾಡದ ಹೈಕೋರ್ಟ್ ಪೀಠ 97 ಮಂದಿಗೆ ಜಾಮೀನು ನೀಡಿದಾಗ, ಶಿಕ್ಷೆಯೇ ರದ್ದಾಯಿತೆಂದು ಹಲವರು ತಿಳಿದರು. ಅದು ತಪ್ಪು ಗ್ರಹಿಕೆ. ಮೇಲ್ಮನವಿಯ ವಿಚಾರಣೆ ಮುಗಿಯುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿರಿಸಿ ಜಾಮೀನು ನೀಡುವ ಅಧಿಕಾರ ಮೇಲ್ಮನವಿ ನ್ಯಾಯಾಲಯಕ್ಕಿದೆ. ದೋಷಿ ಎಂಬ ತೀರ್ಮಾನ ಆಗ ಅಳಿಸಿಹೋಗುವುದಿಲ್ಲ.

ಮೂವತ್ತು ದಿನದ ಗಡುವು

ಹೊಸದುರ್ಗದ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ವಿಧಿಸಿದ ಸಜೆಯ ವಿರುದ್ಧ ಚಿತ್ರದುರ್ಗದ ಸೆಷನ್ಸ್ ನ್ಯಾಯಾಲಯಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಸೆಷನ್ಸ್ ನ್ಯಾಯಾಲಯದ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗಲು ಸಾಮಾನ್ಯವಾಗಿ 60 ದಿನ, ಮರಣದಂಡನೆಯಾದರೆ 30 ದಿನ. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ. ಸಜೆಗೆ ಒಳಗಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕೆಂದೂ ಕಾನೂನಿದೆ. ಇದನ್ನು ಕೇಳಿ ಪಡೆಯುವವರೇ ಕಡಿಮೆ. ಚಿತ್ರದುರ್ಗ ಜಿಲ್ಲೆಯವರಿಗೆ ಹೈಕೋರ್ಟ್ ಎಂದರೆ ಬೆಂಗಳೂರಿನ ಪ್ರಧಾನ ಪೀಠ. ಪಕ್ಕದ ಬಳ್ಳಾರಿ ಜಿಲ್ಲೆಯವರು ಹೋಗಬೇಕಾದದ್ದು ಧಾರವಾಡಕ್ಕೆ.

ಜಾಮೀನಿನ ಮೇಲಿದ್ದ ಆರೋಪಿಗೆ ಮೂರು ವರ್ಷ ಮೀರದ ಸಜೆಯಾದರೆ, ಮೇಲ್ಮನವಿ ಸಲ್ಲಿಸುವೆನೆಂದು ಹೇಳಿ ಶಿಕ್ಷೆ ನೀಡಿದ ನ್ಯಾಯಾಲಯದಿಂದಲೇ ತಾತ್ಕಾಲಿಕ ಜಾಮೀನು ಕೋರಬಹುದು. ಇದು ತಿಳಿಯದೆ ಅಂದೇ ಸಂಜೆ ಜೈಲು ಸೇರಿದರೆ ಕೂಲಿಯನ್ನೇ ನಂಬಿದ ಮನೆಗೆ ಅದೇ ಮೊದಲ ಪೆಟ್ಟು.

ಮೇಲ್ಮನವಿ ಹಾಕಿದರೆ ಶಿಕ್ಷೆ ಹೆಚ್ಚಾಗಬಹುದೆಂಬ ಅಂಜಿಕೆಯೂ ಇದೆ. ಅಪರಾಧಿ ಮಾತ್ರ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಹೆಚ್ಚಿಸಬೇಕಾದರೆ ಸರಕಾರ ಪ್ರತ್ಯೇಕವಾಗಿ ಮೇಲ್ಮನವಿ ಸಲ್ಲಿಸಬೇಕು, ಅಥವಾ ಪುನರ್‌ಪರಿಶೀಲನೆಯಲ್ಲಿ ಅಪರಾಧಿಗೆ ನೋಟಿಸ್ ನೀಡಿ ಅವನ ಮಾತು ಕೇಳಬೇಕು.

ಸರಕಾರ ಹಾಗೆ ಹೋಗಿ ಗೆದ್ದ ರಾಜ್ಯದ ಪ್ರಕರಣವೊಂದು ಇಂದಿಗೂ ದೇಶದ ನ್ಯಾಯಾಲಯಗಳಲ್ಲಿ ಉಲ್ಲೇಖವಾಗುತ್ತಿದೆ. ಪುಟ್ಟ ಬಾಲಕಿಯ ಮೇಲೆ ಅತ್ಯಾಚಾರ ಎಸಗಿದವನಿಗೆ ವಿಚಾರಣಾ ನ್ಯಾಯಾಲಯ 10 ವರ್ಷ ಸಜೆ ನೀಡಿತ್ತು. ಆತ ಅನಕ್ಷರಸ್ಥ, ಕುಡಿತದ ಚಟದವನು, ವೃದ್ಧ ತಾಯಿ ಮತ್ತು ಹೆಂಡತಿ ಮಕ್ಕಳು ಅವನನ್ನೇ ನಂಬಿದ್ದಾರೆ ಎಂಬ ಕಾರಣಗಳಿಗಾಗಿ ಹೈಕೋರ್ಟ್ ಅದನ್ನು ನಾಲ್ಕು ವರ್ಷಕ್ಕೆ ಇಳಿಸಿತು. ಕಾನೂನಿನ ಕನಿಷ್ಠ ಶಿಕ್ಷೆಗಿಂತ ಕೆಳಗಿಳಿಯಲು ಇವು ಸಾಕಷ್ಟು ಕಾರಣಗಳಲ್ಲವೆಂದ ಸುಪ್ರೀಂ ಕೋರ್ಟ್ 2000ರಲ್ಲಿ 10 ವರ್ಷದ ಸಜೆಯನ್ನೇ ಮರಳಿ ವಿಧಿಸಿತು. ಕುಡಿದಿದ್ದನೆಂಬುದೂ ರಿಯಾಯಿತಿಗೆ ಕಾರಣವಾದದ್ದೇ ವಿಚಿತ್ರ.

ಸಂತ್ರಸ್ತರೂ ಈಗ ಮೂಕಪ್ರೇಕ್ಷಕರಲ್ಲ. ಆರೋಪಿ ಖುಲಾಸೆಯಾದರೆ ಅವರೇ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಹೈಕೋರ್ಟಿನ ಪೂರ್ವಾನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದೂ ಕರ್ನಾಟಕದ್ದೇ ಪ್ರಕರಣದಲ್ಲಿ. ಆದರೆ ಶಿಕ್ಷೆ ಕಡಿಮೆಯಾಯಿತೆಂದು ಮೇಲ್ಮನವಿ ಸಲ್ಲಿಸುವ ಹಕ್ಕು ಅವರಿಗಿಲ್ಲ, ಅದು ಸರಕಾರದ್ದು.

ಜೀವಾವಧಿ ಎಂದರೆ 14 ವರ್ಷವೆ?

ಅಲ್ಲ. ಜೀವಾವಧಿ ಎಂದರೆ ಜೀವವಿರುವವರೆಗೆ. ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಪಡೆದವನನ್ನು 14 ವರ್ಷಕ್ಕೆ ಮುನ್ನ ಸರಕಾರ ಬಿಡುವಂತಿಲ್ಲ ಎಂಬ ನಿಯಮವೇ ಜನರ ಬಾಯಲ್ಲಿ 14 ವರ್ಷದ ಶಿಕ್ಷೆಯಾಗಿದೆ. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿ, ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡದೆ ವಿಷಯ ಮೂವರ ಪೀಠಕ್ಕೆ ಹೋಯಿತು. 2008ರಲ್ಲಿ ಆ ಪೀಠ ಗಲ್ಲನ್ನು ತಪ್ಪಿಸಿ, ಅಪರಾಧಿಯನ್ನು ಜೀವನಪರ್ಯಂತ ಬಿಡುಗಡೆ ಮಾಡಬಾರದೆಂದು ಆದೇಶಿಸಿತು.

ಅಲ್ಲಿಯವರೆಗೆ ಹೋಗುವ ಪ್ರಕರಣಗಳು ಕೆಲವೇ. ಸೆಷನ್ಸ್‌ನಲ್ಲಿ ಸೋತ ಮ್ಯಾಜಿಸ್ಟ್ರೇಟ್ ಪ್ರಕರಣಕ್ಕೆ ಎರಡನೇ ಮೇಲ್ಮನವಿಯಿಲ್ಲ, ಹೈಕೋರ್ಟಿನಲ್ಲಿ ಪುನರ್‌ಪರಿಶೀಲನಾ ಅರ್ಜಿ ಮಾತ್ರ. ವಕೀಲರಿಗೆ ಹಣವಿಲ್ಲದ ಕೈದಿ ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳುಹಿಸಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ತಾಲೂಕು ಕಾನೂನು ಸೇವಾ ಸಮಿತಿಗಳು ಉಚಿತವಾಗಿ ವಕೀಲರನ್ನು ಒದಗಿಸುತ್ತವೆ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಈ ನೆರವು ಪಡೆಯಲು ಆದಾಯದ ಮಿತಿ ಇಲ್ಲ.