ಎಕ್ಸ್‌ರೇ ಪ್ಲೇಟ್ ಹೇಗೆ ಕೆಲಸ ಮಾಡುತ್ತದೆ? ಅದಕ್ಕೆ ಕಲಿತ ಕೈ ಏಕೆ ಬೇಕು?



ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮೆಡಿಕಲ್, ಇಂಜಿನಿಯರಿಂಗ್, ನರ್ಸಿಂಗ್ ಎಂದು ಬರೆದಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ‘ಇಮೇಜಿಂಗ್ ಟೆಕ್ನಾಲಜಿ’ ಎಂದು ಬರೆದಿದ್ದರೆ ಮಾತ್ರ ದಾನಿಗಳು ಕೇಳುತ್ತಾರೆ, ಕೆಲವೊಮ್ಮೆ ಮನೆಯವರೂ ಕೇಳುತ್ತಾರೆ: “ಎಕ್ಸ್‌ರೇ ತೆಗೆಯುವುದೆಂದರೆ ಗುಂಡಿ ಒತ್ತುವುದು ತಾನೇ? ಈಗ ಎಲ್ಲವನ್ನೂ ಕಂಪ್ಯೂಟರೇ ಮಾಡುತ್ತದೆ. ಅದಕ್ಕೆ ವರ್ಷಗಟ್ಟಲೆ ಓದು ಏಕೆ?” ಪ್ರಶ್ನೆ ನ್ಯಾಯವಾದದ್ದೇ. ಝಕಾತ್ ಮತ್ತು ಸದಖಾದ ಹಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಹಕ್ಕು ಕೊಟ್ಟವರಿಗಿದೆ. ಆದ್ದರಿಂದ ಈ ಸಲದ ವರದಿಯಲ್ಲಿ, ನಮ್ಮ ಊರುಗಳ ಅನೇಕ ಸಣ್ಣ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿರುವ ಒಂದು ತೆಳು ಪ್ಲೇಟಿನ ಬಗ್ಗೆ ಬರೆಯುತ್ತಿದ್ದೇವೆ. ಉತ್ತರ ಅದರೊಳಗೇ ಇದೆ.

ಫಿಲ್ಮ್ ಇದ್ದ ಕಾಲ

1895ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಅವರಿಗೆ ಸಂದಿತು. ಆಮೇಲೆ ಬಹಳ ಕಾಲ ಎಕ್ಸ್‌ರೇ ಎಂದರೆ ಬೆಳ್ಳಿಯ ಲವಣ ಲೇಪಿಸಿದ ಫಿಲ್ಮ್, ಕತ್ತಲೆ ಕೋಣೆ ಮತ್ತು ರಾಸಾಯನಿಕದ ತೊಟ್ಟಿ. ಒಂದು ಫಿಲ್ಮ್ ಒಂದೇ ಬಾರಿಗೆ. ಕೆಟ್ಟರೆ ಫಿಲ್ಮೂ ಹೋಯಿತು, ರೋಗಿ ಮತ್ತೊಮ್ಮೆ ಕಿರಣದ ಮುಂದೆ ನಿಲ್ಲಬೇಕಾಯಿತು.

1980ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಫಿಲ್ಮಿನ ಜಾಗಕ್ಕೆ ಮತ್ತೆ ಮತ್ತೆ ಬಳಸಬಹುದಾದ ಪ್ಲೇಟನ್ನು ಆಸ್ಪತ್ರೆಗಳಿಗೆ ತಂದಿತು. ಈ ವಿಧಾನಕ್ಕೆ ಕಂಪ್ಯೂಟೆಡ್ ರೇಡಿಯೋಗ್ರಫಿ, ಚಿಕ್ಕದಾಗಿ ಸಿ.ಆರ್. ಎಂದು ಹೆಸರು. ಹಳೆಯ ಎಕ್ಸ್‌ರೇ ಯಂತ್ರವನ್ನು ಬದಲಿಸಬೇಕಾಗಿಲ್ಲ; ಫಿಲ್ಮಿನ ಕ್ಯಾಸೆಟ್ ಇಡುತ್ತಿದ್ದ ಜಾಗದಲ್ಲಿ ಅದೇ ಅಳತೆಯ ಹೊಸ ಕ್ಯಾಸೆಟ್ ಇಟ್ಟರಾಯಿತು. ಇದಕ್ಕಿಂತ ಹೊಸದಾದ ನೇರ ಡಿಜಿಟಲ್ ಯಂತ್ರಗಳು ಈಗ ಬಂದಿದ್ದರೂ, ಸಿ.ಆರ್. ಸಣ್ಣ ಆಸ್ಪತ್ರೆಗಳಲ್ಲಿ ಉಳಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ. ಈಗ ರೋಗಿಯ ಕೈಗೆ ಕೊಡುವ ಕಪ್ಪು ಹಾಳೆ ಕಂಪ್ಯೂಟರಿನಿಂದ ತೆಗೆದ ಮುದ್ರಣ ಮಾತ್ರ.

ಪ್ಲೇಟಿನೊಳಗೆ ಏನಾಗುತ್ತದೆ?

ಪ್ಲೇಟಿನ ಮೇಲೆ ಅರ್ಧ ಮಿಲಿಮೀಟರಿಗಿಂತ ತೆಳುವಾದ ಬಿಳಿ ಲೇಪವಿದೆ. ಇದು ಬೇರಿಯಂ, ಫ್ಲೋರಿನ್ ಮತ್ತು ಬ್ರೋಮಿನ್ ಸೇರಿದ ಹರಳುಗಳ ಪುಡಿ. ಅದರಲ್ಲಿ ಯುರೋಪಿಯಂ ಎಂಬ ಧಾತು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುತ್ತದೆ.

ಮಕ್ಕಳು ಅಂಗಳದಲ್ಲಿ ಆಡುವಾಗ ಚೆಂಡು ಹಾರಿ ಹೆಂಚಿನ ಮೇಲೆ ಸಿಕ್ಕಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಹರಳಿನೊಳಗೂ ಹಾಗೆಯೇ. ಕ್ಷ-ಕಿರಣ ಬಂದು ಬಡಿದಾಗ ಎಲೆಕ್ಟ್ರಾನುಗಳು ಮೇಲಕ್ಕೆ ಚಿಮ್ಮುತ್ತವೆ. ಕೆಲವು ಕೂಡಲೇ ಕೆಳಗೆ ಬೀಳುತ್ತವೆ. ಉಳಿದವು ಹರಳಿನ ರಚನೆಯಲ್ಲಿರುವ ಸಣ್ಣ ಖಾಲಿ ಜಾಗಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆಯ ಹಿಂದೆ ಕಿರಣ ಕಡಿಮೆ ತಲುಪುವುದರಿಂದ ಅಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನುಗಳು ಕಡಿಮೆ. ಗಾಳಿ ತುಂಬಿದ ಶ್ವಾಸಕೋಶದ ಹಿಂದೆ ಹೆಚ್ಚು. ಹೀಗೆ ಎದೆಯ ಪೂರ್ತಿ ಚಿತ್ರ ಪ್ಲೇಟಿನಲ್ಲಿ ಕೂತಿರುತ್ತದೆ. ಆದರೆ ಕ್ಯಾಸೆಟ್ ತೆರೆದು ನೋಡಿದರೆ ಬರೀ ಬಿಳಿ ಹಲಗೆ, ಕಣ್ಣಿಗೆ ಏನೂ ಕಾಣದು.

ಚಿತ್ರ ಹೊರಬರುವ ಬಗೆ

ಕ್ಯಾಸೆಟ್ಟನ್ನು ರೀಡರ್ ಎಂಬ ಯಂತ್ರಕ್ಕೆ ಹಾಕುತ್ತಾರೆ. ಅಲ್ಲಿ ಕೆಂಪು ಲೇಸರಿನ ಸಣ್ಣ ಚುಕ್ಕೆ ಪ್ಲೇಟಿನ ಮೇಲೆ ಸಾಲು ಸಾಲಾಗಿ ಓಡುತ್ತದೆ. ಹೆಂಚಿನ ಮೇಲಿನ ಚೆಂಡನ್ನು ಕೋಲಿನಿಂದ ತಟ್ಟಿದಂತೆ, ಲೇಸರ್ ಸಿಕ್ಕಿಕೊಂಡ ಎಲೆಕ್ಟ್ರಾನುಗಳನ್ನು ತಟ್ಟಿ ಬಿಡಿಸುತ್ತದೆ. ಅವು ಬೀಳುವಾಗ ನೀಲಿ ಬೆಳಕು ಹೊಮ್ಮುತ್ತದೆ. ನೀಲಿ ಬೆಳಕಿನ ಶಕ್ತಿ ಕೆಂಪಿಗಿಂತ ಹೆಚ್ಚು. ಕೆಂಪು ಬೆಳಕು ಕೊಟ್ಟು ನೀಲಿ ಪಡೆಯುವುದು ಹೇಗೆ ಸಾಧ್ಯ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ತಟ್ಟುವ ಏಟು ಸಣ್ಣದು, ಬೀಳುವ ಎತ್ತರ ದೊಡ್ಡದು. ಆ ಎತ್ತರಕ್ಕೆ ಏರಿಸಿದ್ದು ಲೇಸರ್ ಅಲ್ಲ, ಮೊದಲು ಬಂದ ಕ್ಷ-ಕಿರಣ.

ಕೆಂಪನ್ನು ತಡೆದು ನೀಲಿಯನ್ನಷ್ಟೇ ಬಿಡುವ ಒಂದು ಫಿಲ್ಟರಿದೆ. ಆ ಕ್ಷೀಣ ಬೆಳಕನ್ನು ಇನ್ನೊಂದು ಉಪಕರಣ ವಿದ್ಯುತ್ತಾಗಿ ಮಾರ್ಪಡಿಸಿ ಹಲವು ಪಟ್ಟು ಹೆಚ್ಚಿಸುತ್ತದೆ. ಕಂಪ್ಯೂಟರ್ ಅದನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ. 35 ಸೆಂ.ಮೀ. ಅಗಲ, 43 ಸೆಂ.ಮೀ. ಉದ್ದದ ಪ್ಲೇಟನ್ನು 0.2 ಮಿ.ಮೀ. ಅಂತರದಲ್ಲಿ ಓದಿದರೆ 1750 ಮತ್ತು 2150ರ ಗುಣಲಬ್ಧ, ಅಂದರೆ 37 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಾಗುತ್ತವೆ. ಕೊನೆಗೆ ಪ್ರಖರವಾದ ಬೆಳಕು ಹಾಯಿಸಿ, ಉಳಿದ ಎಲೆಕ್ಟ್ರಾನುಗಳನ್ನೂ ಬಿಡಿಸಿ, ಪ್ಲೇಟನ್ನು ಸ್ಲೇಟಿನಂತೆ ಅಳಿಸುತ್ತಾರೆ. ಹೀಗೆ ಒಂದು ಪ್ಲೇಟನ್ನು ಸಾವಿರಾರು ಬಾರಿ ಬಳಸಬಹುದು.

ಇಲ್ಲಿಂದಲೇ ಕಲಿತವರ ಕೆಲಸ ಶುರುವಾಗುತ್ತದೆ. ಪ್ಲೇಟನ್ನು ಓದದೆ ಇಟ್ಟರೆ ಎಂಟು ಗಂಟೆಗಳಲ್ಲಿ ಸಂಗ್ರಹದ ಸುಮಾರು ಕಾಲು ಭಾಗ ತಾನಾಗಿಯೇ ಸೋರಿಹೋಗುತ್ತದೆ. ಬಳಸದೆ ಒಂದು ದಿನ ಬಿಟ್ಟ ಪ್ಲೇಟ್ ಸುತ್ತಲಿನ ವಿಕಿರಣವನ್ನು ಹೀರಿಕೊಂಡಿರಬಹುದು, ಅದನ್ನು ಅಳಿಸಿಯೇ ಬಳಸಬೇಕು. ಧೂಳು, ಗೀರು ಬಿದ್ದರೆ ಅದು ಚಿತ್ರದಲ್ಲಿ ಬಿಳಿ ಗುರುತಾಗಿ ಕಾಣುತ್ತದೆ. ಅದನ್ನು ಬೇರೇನೋ ಎಂದು ತಿಳಿಯುವ ಅಪಾಯವಿದೆ.

ಕಂಪ್ಯೂಟರ್ ಮುಚ್ಚಿಡುವ ತಪ್ಪು

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಫಿಲ್ಮ್ ಪೂರ್ತಿ ಕಪ್ಪಾಗುತ್ತಿತ್ತು, ಕಡಿಮೆಯಾದರೆ ಬಿಳಿಚಿಕೊಳ್ಳುತ್ತಿತ್ತು. ತಪ್ಪು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಸಿ.ಆರ್.ನಲ್ಲಿ ಕಂಪ್ಯೂಟರ್ ಬೆಳಕನ್ನು ತಾನೇ ಸರಿಹೊಂದಿಸುತ್ತದೆ. ಕಿರಣ ಕಡಿಮೆಯಾದರೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುತ್ತದೆ. ಹೆಚ್ಚಾದರೆ? ಚಿತ್ರ ಇನ್ನಷ್ಟು ನುಣುಪಾಗಿ, ಚೆನ್ನಾಗಿಯೇ ಬರುತ್ತದೆ. ವೈದ್ಯರು ದೂರುವುದಿಲ್ಲ, ರೋಗಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ದಿನೇ ದಿನೇ ಸ್ವಲ್ಪ ಸ್ವಲ್ಪ ಹೆಚ್ಚು ಕಿರಣ ಕೊಡುವ ಅಭ್ಯಾಸ ಬೆಳೆಯಬಹುದು. ಇದನ್ನು ‘ಡೋಸ್ ಕ್ರೀಪ್’ ಎನ್ನುತ್ತಾರೆ. ಅನಗತ್ಯ ವಿಕಿರಣದ ವಿಷಯದಲ್ಲಿ ಮಕ್ಕಳು ಮತ್ತು ಗರ್ಭಿಣಿಯರ ಬಗ್ಗೆ ಹೆಚ್ಚಿನ ಎಚ್ಚರ ಬೇಕು.

ಇದನ್ನು ಹಿಡಿಯಲು ಪ್ರತಿ ಚಿತ್ರದ ಜೊತೆ ‘ಎಕ್ಸ್‌ಪೋಷರ್ ಇಂಡೆಕ್ಸ್’ ಎಂಬ ಸಂಖ್ಯೆ ಬರುತ್ತದೆ. 2008ರ ಅಂತಾರಾಷ್ಟ್ರೀಯ ಮಾನದಂಡದಂತೆ, ಇರಬೇಕಾದ ಮಟ್ಟದಿಂದ ಎಷ್ಟು ದೂರ ಸರಿದಿದೆ ಎಂಬುದನ್ನೂ ಒಂದು ಅಂಕೆ ತೋರಿಸುತ್ತದೆ. ಸೊನ್ನೆ ಇದ್ದರೆ ಸರಿ, ಮೈನಸ್ 3 ಇದ್ದರೆ ಅರ್ಧದಷ್ಟು, ಪ್ಲಸ್ 3 ಇದ್ದರೆ ಎರಡು ಪಟ್ಟು. ಅಂಕೆಯನ್ನು ಕಂಪ್ಯೂಟರ್ ತೋರಿಸುತ್ತದೆ ನಿಜ. ಅದನ್ನು ಓದಿ, ಮುಂದಿನ ರೋಗಿಗೆ ಕಿರಣ ಕಡಿಮೆ ಮಾಡುವವರು ಮನುಷ್ಯರೇ. ಯಾರೂ ನೋಡದ ಕಡೆಯೂ ಸರಿಯಾಗಿ ನಡೆದುಕೊಳ್ಳುವುದನ್ನು ನಾವು ಅಮಾನತ್ ಎನ್ನುತ್ತೇವೆ. ಈ ಕೆಲಸಕ್ಕೆ ವಿದ್ಯೆಯೂ ಬೇಕು, ಅಮಾನತ್ತೂ ಬೇಕು.

ಪೋಷಕರಿಗೆ ಮತ್ತು ದಾನಿಗಳಿಗೆ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ ಇಮೇಜಿಂಗ್ ಟೆಕ್ನಾಲಜಿಯ ಬಿ.ಎಸ್ಸಿ. ಪದವಿ ಇದೆ, ಡಿಪ್ಲೊಮಾ ಕೋರ್ಸುಗಳೂ ಇವೆ. ಸೇರಿಸುವ ಮುನ್ನ ಮೂರು ವಿಷಯ ವಿಚಾರಿಸಿ: ಕಾಲೇಜಿಗೆ ಮಾನ್ಯತೆ ಇದೆಯೇ? ಆಸ್ಪತ್ರೆಯಲ್ಲಿ ನಿಜವಾದ ತರಬೇತಿ ಸಿಗುತ್ತದೆಯೇ? ತರಬೇತಿಯ ವೇಳೆ ಮಕ್ಕಳ ಮೇಲೆ ಬೀಳುವ ವಿಕಿರಣವನ್ನು ಅಳೆಯುವ ಬ್ಯಾಡ್ಜ್ ಕೊಡುತ್ತಾರೆಯೇ? ಹೆಣ್ಣುಮಕ್ಕಳನ್ನೂ ಈ ಕೋರ್ಸಿಗೆ ಕಳುಹಿಸಿ. ಎಕ್ಸ್‌ರೇ ಕೋಣೆಯಲ್ಲಿ ಮಹಿಳಾ ತಂತ್ರಜ್ಞೆ ಇದ್ದರೆ ನಮ್ಮ ತಾಯಂದಿರ ಸಂಕೋಚ ಎಷ್ಟು ಕಡಿಮೆಯಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಜಿಯೊಂದಿಗೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರವೇಶ ಪತ್ರ ಮತ್ತು ಶುಲ್ಕದ ರಸೀದಿಯ ಪ್ರತಿಗಳನ್ನು ಲಗತ್ತಿಸಿರಿ. ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಈ ಹೆಸರಿನ ಅರ್ಜಿ ಕಂಡಾಗ ಗುಂಡಿ ಒತ್ತುವ ಕೆಲಸವೆಂದು ಬದಿಗಿಡಬೇಡಿ. ನೀವು ಕೊಟ್ಟ ಶುಲ್ಕದಿಂದ ಕಲಿತ ಒಬ್ಬ ಹುಡುಗ ಅಥವಾ ಹುಡುಗಿ, ಮುಂದೆ ಸಾವಿರಾರು ರೋಗಿಗಳಿಗೆ ಬೇಕಾದಷ್ಟೇ ಕಿರಣ ಕೊಟ್ಟು ಕಳುಹಿಸುವರು. ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ನಮ್ಮ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ. ಆಮೀನ್.