ಏಳನೇ ಸಲ ಕೇಳಿದಾಗ

ಅಮ್ಮ ಏಳನೇ ಸಲ ಕೇಳಿದ್ರು:
"ನಂಗೆ ಊಟ ಕೊಟ್ಟೆಯಾ?"
ನೀವು ರೇಗಿದ್ರಿ.
ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ರಿ.
ನೀವು ಕೆಟ್ಟೋರಾ?

ಡಿಮೆನ್ಷಿಯಾದಲ್ಲಿ
ಮದುವೆ ದಿನದ ಸೀರೆ ನೆನಪಿರಬಹುದು,
ಹತ್ತು ನಿಮಿಷದ ಹಿಂದಿನ ಊಟ ನಿಲ್ಲಲ್ಲ.
ಅವರಿಗೆ ಪ್ರತಿ ಸಲವೂ ಅದು ಮೊದಲ ಪ್ರಶ್ನೆ.
ನಿಮಗೆ ಮಾತ್ರ ಏಳನೇದು.

ತುಂಬಿದ ಕೊಡ ಸೊಂಟಕ್ಕೇರಿಸ್ಬಹುದು.
ಇಳಿಸೋಕೆ ಜಾಗ ಇಲ್ದೆ
ದಿನವಿಡೀ ನಿಲ್ಲೋದಿದೆಯಲ್ಲ,
ಸೊಂಟ ಬೀಳೋದು ಅಲ್ಲಿ.

ಅಮೆರಿಕದ ಸಂಶೋಧಕಿ ಪಾಲೀನ್ ಬಾಸ್
ಈ ದುಃಖಕ್ಕೆ ಹೆಸರಿಟ್ರು: ಆಂಬಿಗ್ಯುಯಸ್ ಲಾಸ್, ಅಂದ್ರೆ ಅಸ್ಪಷ್ಟ ನಷ್ಟ.
ಅಮ್ಮ ಎದುರಿಗೇ ಕೂತಿದ್ದಾರೆ.
ನಿಮ್ಮನ್ನ ಗದರ್ತಿದ್ದ ಆ ಅಮ್ಮ ಇಲ್ಲ.
ಸೂತಕ ಇಲ್ಲ, ತಿಥಿ ಇಲ್ಲ,
ಸಮಾಧಾನ ಹೇಳೋಕೆ ಯಾರೂ ಬರಲ್ಲ.

ಸುಮ್ನೆ ನೋಡೋಕೆ ಬಂದೋರು ಏನಂತಾರೆ?
"ಪುಣ್ಯದ ಕೆಲಸ ಮಾಡ್ತಿದ್ದೀರಿ."
ಅಂದು, ಕಾಫಿ ಕುಡಿದು, ಹೊರಟೇ ಬಿಡ್ತಾರೆ!

ಮುಂದಿನ ಸಲ ಬಿಡಬೇಡಿ.
"ಪುಣ್ಯದಲ್ಲಿ ನಿಮಗೂ ಪಾಲು ಇರ್ಲಿ,
ಎರಡು ಗಂಟೆ ಅಮ್ಮನ ಹತ್ರ ಕೂತಿರಿ" ಅನ್ನಿ.
ಚಪ್ಪಲಿ ಹಾಕ್ಕೊಳ್ಳಿ. ಹೊರಡಿ.

ರಾತ್ರಿ ತಡೆಯೋಕೇ ಆಗ್ತಿಲ್ವಾ?
ಟೆಲಿ ಮಾನಸ್ ಸಹಾಯವಾಣಿ, 14416.
24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಿ.
ಅಮ್ಮನ ವಿಷಯ ಆಮೇಲೆ.
ಮೊದ್ಲು ನಿಮ್ಮದು ಹೇಳಿ.